ಎಲೆ ಮುಚ್ಚುವ ಮೊದಲು

ನಡೆಯಲು ಶುರು ಮಾಡಿ ಐದು ನಿಮಿಷವೂ ಆಗಿರಲಿಲ್ಲ, ಗೈಡ್ ನಮ್ಮನ್ನು ನಿಲ್ಲಿಸಿಬಿಟ್ಟರು. ಜಲಪಾತ ಇನ್ನೂ ದೂರ ಇತ್ತು. ಕೊಳ್ಳದ ಬಾಯಿಯೂ ಕಂಡಿರಲಿಲ್ಲ. ದಾರಿಯ ಪಕ್ಕದಲ್ಲಿ ಕಳೆದ ವರ್ಷ ಉದುರಿದ ಓಕ್ ಎಲೆಗಳ ಹಾಸು, ಅಷ್ಟೇ. "ಇಲ್ಲಿ ಎಷ್ಟು ಹೂ ಇವೆ ಎಣಿಸಿ, ನಾನು ಕಾಯುತ್ತೇನೆ" ಅಂದರು.

ಹೂವೇ? ಎಲ್ಲಿ? ಹನ್ನೆರಡು ಹದಿಮೂರು ಜನ ಇದ್ದೆವು. ಒಬ್ಬೊಬ್ಬರಾಗಿ ಬಗ್ಗಿದೆವು. ಮೊದಲು ನನಗೆ ಎರಡು ಕಂಡವು. ಆಮೇಲೆ ಕಣ್ಣು ಹೊಂದಿಕೊಂಡಿತು ನೋಡಿ, ಐದು, ಹತ್ತು, ಇಪ್ಪತ್ತು. ಒಣ ಎಲೆಗಳ ಸಂದಿಯಿಂದ ಬೆರಳುದ್ದಕ್ಕೆ ಎದ್ದ ಪುಟ್ಟ ಗಿಡಗಳು. ಐದು ಬಿಳಿ ಎಸಳು, ಎಸಳಿನ ಮೇಲೆ ಗುಲಾಬಿ ಬಣ್ಣದ ನವಿರಾದ ಗೆರೆ. ಆರು ವರ್ಷದ ಮೊಮ್ಮಗ ಅರವತ್ತರ ತನಕ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದ. ಗೈಡ್ ಹೂವಿನ ಹೆಸರು ಹೇಳಿದ್ದು ಆಗ. ಸ್ಪ್ರಿಂಗ್ ಬ್ಯೂಟಿ. ಆ ಗೆರೆಗಳು ಜೇನುಹುಳಕ್ಕೆ ಮಕರಂದದ ದಾರಿ ತೋರಿಸುತ್ತವಂತೆ. ಮೋಡ ಕವಿದರೆ ಹೂ ಮುಚ್ಚಿಕೊಳ್ಳುತ್ತದಂತೆ.

ನಾನು ಮೂವತ್ತೊಂದು ವರ್ಷ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಹುಡುಗರಿಗೆ ಪಾಠ ಮಾಡಿದವಳು. ಮೊದಲು ನೋಡಲು ಬಿಟ್ಟು ಆಮೇಲೆ ಹೆಸರು ಹೇಳುವವರನ್ನು ಕಂಡರೆ ನನಗೆ ಬೇಗ ಗೊತ್ತಾಗುತ್ತದೆ, ಇವರು ಒಳ್ಳೆಯ ಮೇಷ್ಟ್ರು ಅಂತ. ಹೆಸರು ಮೊದಲೇ ಹೇಳಿಬಿಟ್ಟರೆ ಹುಡುಗರು ಹೆಸರನ್ನು ಬರೆದುಕೊಳ್ಳುತ್ತಾರೆ, ವಸ್ತುವನ್ನು ನೋಡುವುದಿಲ್ಲ. ಆವತ್ತು ಆ ಹೆಂಗಸು ನಮಗೆ ಮೂರು ಗಂಟೆ ಹಾಗೇ ಪಾಠ ಮಾಡಿದರು. ವಯಸ್ಸು ಎಪ್ಪತ್ತರ ಆಸುಪಾಸು. ಕೈಯಲ್ಲಿ ಒಂದು ಕೋಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಲೆನ್ಸು.

ಜಾಗ ಯಾವುದು ಅಂತ ಹೇಳಲೇ ಇಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಇಲಿನಾಯ್ ನದಿಯ ದಕ್ಷಿಣ ದಂಡೆಯಲ್ಲಿರುವ ಸ್ಟಾರ್ವ್ಡ್ ರಾಕ್ ಸ್ಟೇಟ್ ಪಾರ್ಕ್. ಶಿಕಾಗೋದಿಂದ ಸುಮಾರು 150 ಕಿಲೋಮೀಟರ್. ಮಗನ ಮನೆ ನೇಪರ್‌ವಿಲ್‌ನಲ್ಲಿದೆ, ಅಲ್ಲಿಂದ ಇನ್ನೂ ಹತ್ತಿರ. ಏಪ್ರಿಲ್ ಕೊನೆಯ ವಾರ ಹೊರಟಿದ್ದೆವು. ದಾರಿಯುದ್ದಕ್ಕೂ ಅಂಗೈ ಹಾಗೆ ಚಪ್ಪಟೆ ನೆಲ. ಮೆಕ್ಕೆಜೋಳ, ಸೋಯಾ ಬಿತ್ತಲು ಕಾದಿರುವ ಕಪ್ಪು ಹೊಲ. ಒಂದು ಗುಡ್ಡ ಇಲ್ಲ, ಒಂದು ದಿಬ್ಬ ಇಲ್ಲ. ಮಲೆನಾಡಿನ ಸಾಗರದ ಕಡೆಯವಳಾದ ನನಗೆ ಇಂಥ ನೆಲ ನೋಡಿದರೆ ಏನೋ ಕಳೆದುಹೋದ ಹಾಗೆ ಆಗುತ್ತದೆ. "ಇಲ್ಲಿ ಜಲಪಾತ ಎಲ್ಲಿಂದ ಬರಬೇಕು ಮಗಾ?" ಅಂತ ಕೇಳಿದೆ. "ನೋಡ್ತಿರು ಅಮ್ಮ" ಅಂದ.

ಅವನು ಹೇಳಿದ್ದು ಸರಿ. ನದಿ ಹತ್ತಿರ ಬರುತ್ತಿದ್ದಂತೆ ನೆಲ ಒಮ್ಮೆಲೇ ಸೀಳಿಕೊಂಡಿತು. ನಮ್ಮಲ್ಲಿ ಜಲಪಾತ ನೋಡಲು ಘಟ್ಟಕ್ಕೆ ಹೋಗುತ್ತೇವೆ. ಇಲ್ಲಿ ಬಯಲಿನಿಂದ ಕೆಳಕ್ಕೆ ಇಳಿಯಬೇಕು. ಈ ಪಾರ್ಕಿನಲ್ಲಿ ಇಂಥ 18 ಸೀಳುಗಳಿವೆ. ಇಂಗ್ಲಿಷಿನಲ್ಲಿ ಕ್ಯಾನಿಯನ್ ಅನ್ನುತ್ತಾರೆ. ಕಣಿವೆ ಅಂದರೆ ನನ್ನ ಕಣ್ಣಿಗೆ ಅಗಲವಾದ ಗದ್ದೆ ಬಯಲು ಬರುತ್ತದೆ. ಇದಕ್ಕೆ ಕೊಳ್ಳ ಅನ್ನುವುದೇ ಸರಿ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆಗೋಡೆ, ನಡುವೆ ಹಳ್ಳ, ತುದಿಗೆ ಹೋದರೆ ದಾರಿ ಮುಗಿದು ಮೇಲಿನಿಂದ ನೀರು ಬೀಳುತ್ತಿರುತ್ತದೆ.

ಮೊದಲು ಹೊಕ್ಕದ್ದು ಫ್ರೆಂಚ್ ಕ್ಯಾನಿಯನ್. ಒಳಗೆ ಹೋಗಲು ಇಕ್ಕಟ್ಟಾದ ಒಂದು ಓಣಿ. ನೆಲವೂ ಬಂಡೆಯೇ, ಅದರ ಮೇಲೆ ನೀರು ಹರಿಯುತ್ತಿತ್ತು. ಕಾಲಿಡಲು ಬಂಡೆಯಲ್ಲೇ ಕಚ್ಚು ಕೊರೆದಿದ್ದಾರೆ. ಎರಡನೇ ಕಚ್ಚಿಗೆ ನನ್ನ ಕಾಲು ಜಾರಿತು. ಗೈಡ್ ಕೈ ಕೊಟ್ಟು ಎತ್ತಿಕೊಂಡರು. ನಾನು ಇನ್ನೊಂದು ಕೈಯನ್ನು ಗೋಡೆಗೆ ಆನಿಸಿದ್ದೆ. ಮೇಲೆ ಬಂದು ಕೈ ನೋಡಿಕೊಂಡರೆ ಅಂಗೈ ತುಂಬ ಮರಳು. ಬಿಳಿ, ನುಣ್ಣನೆಯ ಮರಳು. ಬಂಡೆ ಬಂಡೆಯ ಹಾಗೆಯೇ ನಿಂತಿದೆ, ಮುಟ್ಟಿದರೆ ಮಾತ್ರ ಸಕ್ಕರೆ ಅಚ್ಚಿನ ಹಾಗೆ ಕಾಳು ಉದುರುತ್ತದೆ!

ನಮ್ಮ ಜೋಗದ ಬಂಡೆಯನ್ನು ಹೀಗೆ ಉಜ್ಜಿದರೆ ಚರ್ಮ ಹೋಗುತ್ತದೆ ಹೊರತು ಬಂಡೆಗೆ ಏನೂ ಆಗುವುದಿಲ್ಲ. ಇದು ಮರಳುಗಲ್ಲು. 40 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತಂತೆ. ಅದರ ದಡದ ಮರಳೇ ಒತ್ತಿ ಒತ್ತಿ ಕಲ್ಲಾಗಿದೆ. ಸೇಂಟ್ ಪೀಟರ್ ಸ್ಯಾಂಡ್‌ಸ್ಟೋನ್ ಅಂತ ಇದರ ಹೆಸರು. ಬಹಳ ಕಾಲ ಆದ ಮೇಲೆ, ಹಿಮಯುಗ ಮುಗಿಯುವ ಹೊತ್ತಿಗೆ, ಕರಗಿದ ಹಿಮದ ನೀರು ಒಡ್ಡು ಒಡೆದು ನುಗ್ಗಿತು. ಕ್ಯಾಂಕಕೀ ಪ್ರವಾಹ ಅನ್ನುತ್ತಾರೆ. ಅದು ನದಿಯ ಪಾತ್ರವನ್ನು ಆಳಕ್ಕೆ ಕೊರೆದುಬಿಟ್ಟಿತು. ಅಕ್ಕಪಕ್ಕದ ಸಣ್ಣ ಹಳ್ಳಗಳು ಮೇಲೆಯೇ ಉಳಿದವು. ನದಿ ಸೇರಬೇಕಾದರೆ ಅವು ಧುಮುಕಲೇಬೇಕು. ಧುಮುಕಿ ಧುಮುಕಿ ಮೆತ್ತಗಿನ ಕಲ್ಲನ್ನು ಹಿಂದಕ್ಕೆ ಹಿಂದಕ್ಕೆ ತಿನ್ನುತ್ತಾ ಬಂದವು. ಒಂದೊಂದು ಹಳ್ಳಕ್ಕೂ ಒಂದೊಂದು ಕೊಳ್ಳ. ಆ ಕೆಲಸ ಈಗಲೂ ನಡೆಯುತ್ತಿದೆ. ನನ್ನ ಅಂಗೈಯಲ್ಲಿದ್ದ ಮರಳೇ ಅದಕ್ಕೆ ಸಾಕ್ಷಿ.

ಗೈಡ್ ಲೆನ್ಸು ಕೊಟ್ಟರು. ಕಾಳುಗಳು ಉರುಟಾಗಿದ್ದವು, ಗಾಜಿನ ಪುಟ್ಟ ಗುಂಡುಗಳ ಹಾಗೆ. "ಇದೇ ಮರಳನ್ನು ಹತ್ತಿರದ ಒಟ್ಟಾವಾದಲ್ಲಿ ಗಣಿಯಿಂದ ತೆಗೆಯುತ್ತಾರೆ, ಗಾಜು ಮಾಡಲು" ಅಂದರು.

ನನಗೆ ಮೈ ಜುಮ್ಮೆಂದಿತು. ಒಟ್ಟಾವಾ ಮರಳು!

ಸಿವಿಲ್ ಓದಿದವರಿಗೆ ಗೊತ್ತಿರುತ್ತದೆ. ಸಿಮೆಂಟಿನ ಗಟ್ಟಿತನ ಪರೀಕ್ಷೆ ಮಾಡಲು ಸುಮ್ನೆ ಯಾವುದೋ ಹೊಳೆ ಮರಳು ಹಾಕುವಂತಿಲ್ಲ. ಎಲ್ಲ ಲ್ಯಾಬಿನಲ್ಲೂ ಒಂದೇ ಮರಳು ಇರಬೇಕು, ಇಲ್ಲದಿದ್ದರೆ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ತಮಿಳುನಾಡಿನ ಎಣ್ಣೂರಿನ ಮರಳು. 200 ಗ್ರಾಂ ಸಿಮೆಂಟು, 600 ಗ್ರಾಂ ಎಣ್ಣೂರು ಮರಳು, 70.6 ಮಿಲಿಮೀಟರಿನ ಅಚ್ಚು. ಎಷ್ಟು ನೂರು ಕ್ಯೂಬು ಮಾಡಿಸಿದ್ದೇನೋ ಲೆಕ್ಕವಿಲ್ಲ. ಅಮೆರಿಕದ ಲ್ಯಾಬುಗಳಲ್ಲಿ ಇದೇ ಕೆಲಸಕ್ಕೆ ಒಟ್ಟಾವಾ ಮರಳು ಬಳಸುತ್ತಾರೆ. ಪುಸ್ತಕದಲ್ಲಿ ಓದಿ ಹುಡುಗರಿಗೆ ಹೇಳುತ್ತಿದ್ದೆ. ಅದು ಕೆನಡಾದ ಒಟ್ಟಾವಾ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅದು ಇಲ್ಲಿಯದು, ಈ ಗೋಡೆಯ ಕಲ್ಲಿನದು. ಪುಸ್ತಕದ ಒಂದು ಸಾಲು ಹೀಗೆ ಎದುರಿಗೆ ಎದ್ದು ನಿಲ್ಲುತ್ತದೆ ಅಂತ ಯಾರು ಎಣಿಸಿದ್ದರು? ಗೈಡ್‌ಗೆ ಎಣ್ಣೂರಿನ ಕಥೆ ಹೇಳಿದೆ. ಅವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು.

ಅದೇ ಗೋಡೆಯಲ್ಲಿ ಆಳು ಎತ್ತರದ ತನಕ ಹೆಸರುಗಳು. ಹೃದಯದ ಗುರುತು, ಬಾಣ, ಇಸವಿ. ಕಲ್ಲು ಮೆತ್ತಗಿದೆಯಲ್ಲ, ಕೀಲಿಕೈ ಸಾಕು. ಹಾಸನ, ಹಂಪಿ, ಎಲ್ಲಿ ಹೋದರೂ ನೋಡಿದ್ದೇ ಇದು. ನನಗೆ ತುಂಬ ಬೇಜಾರಾಯಿತು. ಆ ಹೆಸರಿನ ಸುತ್ತ ಪಾಚಿ ಇಲ್ಲ, ಜರಿಗಿಡ ಇಲ್ಲ. ಹಸಿರು ಗೋಡೆಯಲ್ಲಿ ಬರೆದಷ್ಟು ಜಾಗ ಬೋಳು.

ಅಲ್ಲಿಂದ ನದಿಯ ಗುಂಟ ನಡೆದೆವು. ದಾರಿಯಲ್ಲಿ ಮರದ ಮೆಟ್ಟಿಲು, ಮರದ ಸಂಕ. ವೈಲ್ಡ್‌ಕ್ಯಾಟ್ ಕ್ಯಾನಿಯನ್ನಿನ ಅಬ್ಬಿ ದೊಡ್ಡದು, 70-80 ಅಡಿ ಮೇಲಿನಿಂದ ಬೀಳುತ್ತದೆ. 253 ಮೀಟರ್ ಜೋಗ ನೋಡಿದ ಕಣ್ಣಿಗೆ ಇದು ಏನು ಅನ್ನಿಸಬಹುದು ಅಂತ ಮಗನಿಗೆ ಅಳುಕಿತ್ತು. ಹೋಲಿಸುವ ಮನಸ್ಸೇ ನನಗೆ ಬರಲಿಲ್ಲ. ಜೋಗದಲ್ಲಿ ನಾವು ದೂರ ನಿಂತು ನೋಡುತ್ತೇವೆ. ಇಲ್ಲಿ ಕೊಳ್ಳದ ತಳದಲ್ಲಿ, ನೀರಿನ ಎದುರಿಗೇ ನಿಲ್ಲಬಹುದು. ಸುತ್ತ ಗೋಡೆ ಇರುವುದರಿಂದ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಮುಂದೆ ಲಾಸಾಲ್ ಕ್ಯಾನಿಯನ್ನಿನಲ್ಲಿ ಇನ್ನೂ ಚೆಂದ. ಅಲ್ಲಿ ಅಬ್ಬಿ ಗಿಡ್ಡ, ಆದರೆ ಬಂಡೆ ಮುಂದಕ್ಕೆ ಚಾಚಿರುವುದರಿಂದ ದಾರಿ ನೀರಿನ ಹಿಂದಿನಿಂದಲೇ ಹೋಗುತ್ತದೆ. ಮೊಮ್ಮಗ ನೀರಿನ ಪರದೆಯ ಆಚೆ ಇದ್ದ ನನಗೆ ಕೈ ಬೀಸಿದ. ಏನೋ ಕೂಗಿದ, ಕೇಳಿಸಲಿಲ್ಲ.

ಈ ನೀರು ವರ್ಷವಿಡೀ ಇರುವುದಿಲ್ಲ. ಹಿಮ ಕರಗಿದಾಗ, ವಸಂತದ ಮಳೆ ಬಿದ್ದಾಗ ಮೈದುಂಬುತ್ತದೆ. ಬೇಸಿಗೆ ಬಂದರೆ ಹೆಚ್ಚಿನವು ತೊಟ್ಟಿಕ್ಕುವಷ್ಟಕ್ಕೆ ಇಳಿಯುತ್ತವೆ. ನಮ್ಮ ಕಡೆ ಆಷಾಢದಲ್ಲಿ ಗುಡ್ಡದ ತುಂಬ ಅಬ್ಬಿಗಳು ಹುಟ್ಟಿ ದೀಪಾವಳಿಯ ಆಚೀಚೆ ಕಾಣೆಯಾಗುವುದಿಲ್ಲವಾ, ಹಾಗೇ.

ಹೂಗಳದ್ದೂ ಇದೇ ಕಥೆ. ಈ ಭಾಗ ನನಗೆ ಮರೆಯಲಾಗದು.

ಈ ಕಾಡಿನ ಮರಗಳು ಚಳಿಗಾಲದಲ್ಲಿ ಬೋಳಾಗಿರುತ್ತವೆ. ಮೇ ತಿಂಗಳು ಬಂದರೆ ಎಲೆ ತುಂಬಿ ನೆಲಕ್ಕೆ ಬಿಸಿಲೇ ಬೀಳುವುದಿಲ್ಲ. ನೆಲ ಬೆಚ್ಚಗಾಗುವುದಕ್ಕೂ ಮರ ಎಲೆ ಬಿಡುವುದಕ್ಕೂ ನಡುವೆ ಸಿಗುವುದು ಕೆಲವೇ ವಾರ. ಅಷ್ಟರೊಳಗೆ ಈ ಸಣ್ಣ ಗಿಡಗಳು ಏಳಬೇಕು, ಎಲೆ ಬಿಡಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು, ಮುಂದಿನ ವರ್ಷಕ್ಕೆ ಗೆಡ್ಡೆಯಲ್ಲಿ ಅನ್ನ ಕೂಡಿಡಬೇಕು. ಆಮೇಲೆ ಹಲವು ಗಿಡ ನೆಲದ ಮೇಲೆ ಉಳಿಯುವುದೇ ಇಲ್ಲ. ವರ್ಷದ ಬಹುಪಾಲು ಮಣ್ಣೊಳಗೆ ಮಲಗಿ ಕೆಲವೇ ವಾರ ಬದುಕುವ ಜೀವಗಳು.

ಡಚ್‌ಮನ್ಸ್ ಬ್ರಿಚಸ್ ಅಂತ ಒಂದು ಹೂ. ಹಗ್ಗದ ಮೇಲೆ ತಲೆಕೆಳಗಾಗಿ ಒಣಹಾಕಿದ ಬಿಳಿ ಚಡ್ಡಿಗಳ ಸಾಲು ಅದು, ಬೇರೆ ಹೋಲಿಕೆಯೇ ಬೇಡ. ಮಕರಂದ ಆ ಚಡ್ಡಿಯ ಕಾಲಿನ ತುದಿಯಲ್ಲಿರುತ್ತದೆ. ಅಷ್ಟು ಒಳಗೆ ನಾಲಗೆ ಎಟುಕುವುದು ದೊಡ್ಡ ದುಂಬಿಗೆ ಮಾತ್ರ. ಚಳಿಗಾಲವನ್ನು ಮಣ್ಣೊಳಗೆ ಕಳೆದ ರಾಣಿ ದುಂಬಿ ಆಗಷ್ಟೇ ಎದ್ದಿರುತ್ತದೆ, ಹಸಿದಿರುತ್ತದೆ. ಹೂವಿಗೆ ಅದು ಬೇಕು, ಅದಕ್ಕೆ ಹೂ ಬೇಕು. ನಾವು ನಿಂತಿದ್ದಾಗಲೇ ಒಂದು ಬಂತು. ಹೂ ಹಿಡಿದು ನೇತಾಡಿತು. ಇಡೀ ಗಿಡ ಬಾಗಿತು. ಯಾರೂ ಮಾತಾಡಲಿಲ್ಲ.

ವರ್ಜೀನಿಯಾ ಬ್ಲೂಬೆಲ್ ತಗ್ಗಿನಲ್ಲಿ ಹಾಸಿ ಅರಳಿತ್ತು. ಮೊಗ್ಗಾಗಿದ್ದಾಗ ಗುಲಾಬಿ, ಅರಳಿದರೆ ನೀಲಿ. ಟ್ರಿಲಿಯಂ ಇತ್ತು. ಮೂರು ಎಲೆ, ಮೂರು ಎಸಳು. ಬೀಜದಿಂದ ಹುಟ್ಟಿದ ಗಿಡ ಮೊದಲ ಹೂ ಬಿಡಲು ಏಳು ವರ್ಷವಾದರೂ ಬೇಕಂತೆ. "ಇವನಿಗಿಂತ ಇದಕ್ಕೆ ವಯಸ್ಸು ಜಾಸ್ತಿ" ಅಂತ ಗೈಡ್ ಮೊಮ್ಮಗನ ತಲೆ ಸವರಿದರು. ಅವನು ಆ ಹೂವಿನ ಎದುರು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಹಿರಿಯರ ಎದುರು ನಿಲ್ಲುವ ಹಾಗೆ.

ಬ್ಲಡ್‌ರೂಟ್ ಆ ಹೊತ್ತಿಗೆ ಮುಗಿದಿತ್ತು. ಒಂದೇ ಒಂದು ಉಳಿದಿತ್ತು, ಬಂಡೆಯ ನೆರಳಿನಲ್ಲಿ. ಅಚ್ಚ ಬಿಳಿ ಹೂ. ಅದರ ತೊಟ್ಟಿನ ಸುತ್ತ ಒಂದೇ ಎಲೆ, ಚಳಿಗೆ ಶಾಲು ಹೊದ್ದ ಹಾಗೆ ಸುತ್ತಿಕೊಂಡಿತ್ತು. ಗೆಡ್ಡೆಯನ್ನು ಮುರಿದರೆ ರಕ್ತದಂಥ ಕೆಂಪು ರಸ ಬರುತ್ತದಂತೆ. ಇಲ್ಲಿಯ ಮೂಲ ಜನ ಅದರಿಂದ ಬಣ್ಣ ಮಾಡುತ್ತಿದ್ದರು. ನಾವು ಮುರಿಯಲಿಲ್ಲ ಬಿಡಿ, ಕೇಳಿದ್ದೇ ಸಾಕಾಯಿತು. ಇದರ ಬೀಜ ಹರಡುವುದು ಇರುವೆಯಿಂದ. ಬೀಜಕ್ಕೆ ಅಂಟಿಕೊಂಡು ಒಂದು ಎಣ್ಣೆ ತುಣುಕು ಇರುತ್ತದೆ. ಇರುವೆ ಅದರ ಆಸೆಗೆ ಬೀಜವನ್ನು ಗೂಡಿಗೆ ಹೊತ್ತೊಯ್ಯುತ್ತದೆ, ಎಣ್ಣೆ ತುಣುಕನ್ನು ತಿಂದು ಬೀಜವನ್ನು ತಿಪ್ಪೆಗೆ ಎಸೆಯುತ್ತದೆ. ತಿಪ್ಪೆಯ ಗೊಬ್ಬರದಲ್ಲಿ ಬೀಜ ಮೊಳೆಯುತ್ತದೆ. ಟ್ರಿಲಿಯಂ, ಬ್ರಿಚಸ್ ಹೂವಿನದ್ದೂ ಇದೇ ವ್ಯವಸ್ಥೆ. ಇರುವೆ ಎಷ್ಟು ದೂರ ಹೊತ್ತೀತು? ಕೆಲವು ಮಾರು. ಅಂದರೆ ನಾವು ಕಂಡ ಒಂದು ಹಾಸು ಹೂ ಆಗಬೇಕಾದರೆ ಎಷ್ಟು ಇರುವೆ, ಎಷ್ಟು ವರ್ಷ! ಒಬ್ಬರು ದಾರಿ ಬಿಟ್ಟು ಫೋಟೋಗೆ ಅಂತ ಒಳಗೆ ಕಾಲಿಟ್ಟರೆ ಒಂದು ಕ್ಷಣದಲ್ಲಿ ಹೋಯಿತು. ದಾರಿ ಬಿಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮರಳುಗಲ್ಲಿನ ಅಂಚಿನಿಂದ ಬಿದ್ದು ಇಲ್ಲಿ ಜನ ಪ್ರಾಣ ಕಳೆದುಕೊಂಡಿದ್ದಾರೆ.

ಲಾಸಾಲ್‌ನಿಂದ ವಾಪಸು ಬರುವಾಗ ಗೈಡ್ ಕೋಲಿನ ತುದಿಯಿಂದ ಒಂದು ಗಿಡ ತೋರಿಸಿ ಎಂದಿನಂತೆ ಸುಮ್ಮನೆ ನಿಂತರು. ಮೂರು ಎಲೆ. ಪಕ್ಕದಲ್ಲಿ ಹಸಿರು, ಕಂದು ಪಟ್ಟೆಯ ಒಂದು ಕೊಳವೆ, ಅದರ ಮೇಲೆ ಬಾಗಿದ ಮುಚ್ಚಳ. ಒಳಗೆ ಒಂದು ಕಡ್ಡಿ. ನಾನು ನೋಡಿದ ಕೂಡಲೇ ಕನ್ನಡದಲ್ಲೇ ಅಂದುಬಿಟ್ಟೆ, "ಅಯ್ಯೋ, ಇದು ಕೆಸುವಿನ ಜಾತಿ ಅಲ್ವಾ?"

ಮಳೆ ಹಿಡಿದ ಮೇಲೆ ನಮ್ಮ ಕಾನಿನಲ್ಲಿ ಇದರ ನೆಂಟ ಏಳುತ್ತದೆ, ಹಾವು ಹೆಡೆ ಎತ್ತಿದ ಹಾಗೆ. ಅಜ್ಜಿ ಮರಕೆಸು ಕೊಯ್ಯಲು ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಇದನ್ನು ಮುಟ್ಟಬೇಡ, ಅದನ್ನು ಕೊಯ್ಯಿ, ಇದು ತುರಿಸುತ್ತದೆ, ಹುಣಸೆಹಣ್ಣು ಜಾಸ್ತಿ ಬೇಕು ಅಂತ ಹೇಳುತ್ತಾ ನಡೆಯುತ್ತಿದ್ದಳು. ಮಗ ಇದನ್ನೆಲ್ಲ ಇಂಗ್ಲಿಷಿನಲ್ಲಿ ಗೈಡ್‌ಗೆ ಹೇಳಿದ. ಅವರ ಮುಖ ಅರಳಿತು. ಹೌದು, ಒಂದೇ ಕುಟುಂಬ ಅಂದರು. ಜ್ಯಾಕ್ ಇನ್ ದ ಪುಲ್ಪಿಟ್ ಅಂತ ಇಲ್ಲಿಯ ಹೆಸರು. ಚರ್ಚಿನಲ್ಲಿ ಪೀಠದ ಮೇಲೆ ನಿಂತು ಪ್ರವಚನ ಹೇಳುವ ಪಾದ್ರಿಯ ಹಾಗೆ ಇವರಿಗೆ ಕಂಡಿದೆ, ನಮಗೆ ಹಾವಿನ ಹೆಡೆ. ಹಸಿ ಗೆಡ್ಡೆ ಬಾಯಿಗಿಟ್ಟರೆ ಇದೂ ಉರಿಯುತ್ತದೆ, ನಮ್ಮ ಕೆಸುವಿನಲ್ಲಿರುವ ಸೂಜಿಯಂಥ ಹರಳುಗಳೇ ಇದರಲ್ಲೂ ಇವೆ. ಇನ್ನೊಂದು ಸಂಗತಿ ಕೇಳಿ. ಗಿಡ ಸಣ್ಣದಿದ್ದಾಗ ಗಂಡು. ಗೆಡ್ಡೆ ಬಲಿತರೆ ಮುಂದಿನ ವರ್ಷ ಹೆಣ್ಣಾಗಿ ಹಣ್ಣು ಬಿಡುತ್ತದೆ. ಸೊರಗಿದರೆ ಮತ್ತೆ ಗಂಡಾಗುತ್ತದೆ. ಹೊರುವ ಶಕ್ತಿ ಇದ್ದ ವರ್ಷ ಮಾತ್ರ ಹೆರುವ ಕೆಲಸ.

"ನಿಮ್ಮ ಭಾಷೆಯಲ್ಲಿ ಇನ್ನೊಮ್ಮೆ ಹೇಳಿ" ಅಂದರು. ಕೆಸು ಅಂದೆ. ಹನ್ನೆರಡು ಜನ ಅಮೆರಿಕದ ಕಾಡಿನಲ್ಲಿ ನಿಂತು ಕೆಸು ಅಂದರು.

ಅಜ್ಜಿ ಹೋಗಿ ನಲವತ್ತು ವರ್ಷ ಆಗಿದೆ. ಅವಳು ತೋರಿಸಿದ ಗಿಡಗಳಲ್ಲಿ ನನಗೆ ಈಗ ಹೆಸರು ನೆನಪಿರುವುದು ಹತ್ತೋ ಹನ್ನೆರಡೋ. ಕೇಳಿಕೊಂಡಿದ್ದರೆ ನೂರು ಕಲಿಯಬಹುದಿತ್ತು. ಆವತ್ತು ಆ ದಾರಿಯಲ್ಲಿ ಇದು ನನ್ನನ್ನು ಬಹಳ ಕಾಡಿತು. ನಮ್ಮಲ್ಲೂ ಈಗ ಎಷ್ಟೋ ಚಾರಣಗಳಿಗೆ ಗೈಡ್ ಜೊತೆಗಿರಲೇಬೇಕು. ಹೆಚ್ಚಿನವರು ಆ ಊರಿನ ಹುಡುಗರೇ. ಕಾನಿನಲ್ಲಿ ಬೆಳೆದವರು, ಅಜ್ಜಿಯಂಥವರ ಮೊಮ್ಮಕ್ಕಳು. ಆದರೆ ನಾವು ಅವರನ್ನು ಕೇಳುವುದು ಒಂದೇ, ಇನ್ನೂ ಎಷ್ಟು ದೂರ? ತುದಿ ಮುಟ್ಟಿ ಫೋಟೋ ತೆಗೆದು ಇಳಿಯುವ ಆತುರ. ದಯವಿಟ್ಟು ಮುಂದಿನ ಸಲ ಹೋದಾಗ ನಿಲ್ಲಿ. ಈ ಗಿಡಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಅಂತ ಕೇಳಿ. ಗೊತ್ತಿರುವವರಿಗೆ ಯಾರಾದರೂ ಕೇಳಿದರೆ ಆಗುವ ಸಂತೋಷ ಎಂಥದ್ದು ಅಂತ ನಾನು ಆ ಹೆಂಗಸಿನ ಮುಖದಲ್ಲಿ ನೋಡಿದ್ದೇನೆ.

ಕೊನೆಗೆ ಪಾರ್ಕಿಗೆ ಹೆಸರು ಕೊಟ್ಟ ಬಂಡೆಯ ಮೇಲೆ ಹತ್ತಿದೆವು. ನದಿಯಿಂದ 125 ಅಡಿ ಎತ್ತರ. ಎದುರು ದಂಡೆಯಲ್ಲಿ ಒಂದು ಕಾಲಕ್ಕೆ ಇಲಿನಾಯ್ ಅನ್ನುವ ಮೂಲ ಜನರ ದೊಡ್ಡ ಊರಿತ್ತು. 1673ರಲ್ಲಿ ಫ್ರೆಂಚರು ದೋಣಿಯಲ್ಲಿ ಬಂದು ನೋಡಿದರು. ಹತ್ತು ವರ್ಷದೊಳಗೆ ಈ ಬಂಡೆಯ ಮೇಲೆ ಅವರ ಕೋಟೆ ಎದ್ದಿತು. ಮುಂದೆ ಶತ್ರುಗಳು ಮುತ್ತಿಗೆ ಹಾಕಿದಾಗ ಇಲಿನಾಯ್ ಜನ ಈ ಬಂಡೆಯ ಮೇಲೆ ಹಸಿವಿನಿಂದ ಸತ್ತರು, ಅದಕ್ಕೇ ಹಸಿದ ಬಂಡೆ ಅಂತ ಹೆಸರು ಅನ್ನುವ ಐತಿಹ್ಯ ಇದೆ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. 1911ರಲ್ಲಿ ಇದು ಸರ್ಕಾರದ ಪಾರ್ಕಾಯಿತು. ಕೆಳಗೆ ಅಣೆಕಟ್ಟಿನ ನೀರಿನಲ್ಲಿ ಬಿಳಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. ಕೊಕ್ಕರೆ ಬೆಳ್ಳೂರಿನವಕ್ಕಿಂತ ಬೇರೆ ಜಾತಿ, ಆದರೆ ಕೊಕ್ಕಿನ ಕೆಳಗೆ ಅದೇ ಜೋಳಿಗೆ.

ಜೂನ್ ಮೊದಲ ವಾರ ಇನ್ನೊಮ್ಮೆ ಹೋದೆವು. ಮೊಮ್ಮಗನದೇ ಹಟ. ಗೈಡ್ ಇರಲಿಲ್ಲ, ನಾವೇ. ಕಾಡು ಗುರುತೇ ಸಿಗಲಿಲ್ಲ. ಮೇಲೆ ಎಲೆ ಮುಚ್ಚಿ ಹಾಡುಹಗಲೇ ನಸುಗತ್ತಲು. ಫ್ರೆಂಚ್ ಕ್ಯಾನಿಯನ್ನಿನ ಓಣಿಯಲ್ಲಿ ನೀರು ಒರತೆಯಷ್ಟಕ್ಕೆ ಇಳಿದಿತ್ತು. ಸ್ಪ್ರಿಂಗ್ ಬ್ಯೂಟಿ ಎಣಿಸಿದ ಜಾಗದಲ್ಲಿ ಒಂದೂ ಇಲ್ಲ. ಬ್ಲೂಬೆಲ್ ಹಾಸಿದ್ದ ತಗ್ಗಿನಲ್ಲಿ ಬೇರೆ ಯಾವುದೋ ಸೊಪ್ಪು. ಆದರೂ ಅವೆಲ್ಲ ಅಲ್ಲೇ, ಕಾಲಿನ ಪಕ್ಕದ ಮಣ್ಣಿನೊಳಗೇ ಇವೆ ಅಂತ ನಮಗೆ ಗೊತ್ತಿತ್ತು. ಅದಕ್ಕೇ ಇಬ್ಬರೂ ದಾರಿಯ ನಡುವೆಯೇ ನಡೆದೆವು.

ಬಂಡೆಯ ನೆರಳಿನ ಬ್ಲಡ್‌ರೂಟನ್ನು ಅವನೇ ಹುಡುಕಿದ. ಅವತ್ತು ಶಾಲಿನ ಹಾಗಿದ್ದ ಎಲೆ ಈಗ ನನ್ನ ಅಂಗೈಗಿಂತ ಅಗಲ. ದಾರಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ ಎಲೆಯ ಅಡಿ ನೋಡಿದ. ಹಸಿರು ಕಾಯಿ ಬಿರಿದಿತ್ತು. ಒಳಗೆ ಕಂದು ಬೀಜಗಳು, ಒಂದೊಂದಕ್ಕೂ ಬಿಳಿ ಜುಟ್ಟು. ಎರಡು ಬೀಜ ಕೆಳಗೆ ಬಿದ್ದಿದ್ದವು.

"ಅಜ್ಜಿ, ಬಂತು" ಅಂತ ಪಿಸುಗುಟ್ಟಿದ.

ನಾನೂ ಮಂಡಿಯೂರಿದೆ. ಒಂದು ಕರಿ ಇರುವೆ ಬೀಜದ ಜುಟ್ಟು ಹಿಡಿದು ಹಿಂದೆ ಹಿಂದೆ ಎಳೆಯುತ್ತಿತ್ತು. ಒಣ ಎಲೆಯ ಅಂಚಿಗೆ ಸಿಕ್ಕಿಕೊಂಡಿತು. ಬಿಟ್ಟಿತು. ಸುತ್ತ ಬಂದು ಇನ್ನೊಂದು ಕಡೆಯಿಂದ ಹಿಡಿಯಿತು.